ಹೊನ್ನಾವರದ ಹದಿಮೂರು ಶಾಲೆಗಳು: ರಿಹ್ಲಾ ಗ್ರಂಥಗಳನ್ನು ಓದುವ ಮತ್ತು ಬರೆಯುವ ಬಗೆ

ಕರಾವಳಿ ಮುಸ್ಲಿಮರ ವಿದ್ಯಾಭ್ಯಾಸದ ಕುರಿತು ಎಲ್ಲಿ ಭಾಷಣ ನಡೆದರೂ, ಯಾರು ಲೇಖನ ಬರೆದರೂ ಒಂದು ಮಾತು ತಪ್ಪದೆ ಬರುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನು ಬತೂತ ಅಲ್ಲಿ ಹೆಣ್ಣುಮಕ್ಕಳ 13 ಶಾಲೆಗಳನ್ನೂ ಗಂಡುಮಕ್ಕಳ 23 ಶಾಲೆಗಳನ್ನೂ ಕಂಡಿದ್ದರು, ಆ ಊರಿನ ಹೆಂಗಸರಿಗೆಲ್ಲ ಪವಿತ್ರ ಕುರ್‌ಆನ್ ಕಂಠಪಾಠವಾಗಿತ್ತು ಎಂಬುದೇ ಆ ಮಾತು. ಇದು ಯಾರೋ ಕಟ್ಟಿದ ಮಾತಲ್ಲ, ಗ್ರಂಥದಲ್ಲಿ ಹಾಗೆಯೇ ಇದೆ. ಆದರೆ ಇದನ್ನು ಉದ್ಧರಿಸುವವರಲ್ಲಿ ಹೆಚ್ಚಿನವರು ಆ ಪುಟದ ಹಿಂದಿನ ಪುಟವನ್ನಾಗಲಿ ಮುಂದಿನ ಪುಟವನ್ನಾಗಲಿ ಮಗುಚಿದಂತೆ ಕಾಣುವುದಿಲ್ಲ. ಆ ಗ್ರಂಥ ಹೇಗೆ ಹುಟ್ಟಿತು, ಬರೆದವರು ಯಾರು, ಬರೆಸಿದವರು ಯಾರು, ಎಷ್ಟು ವರ್ಷಗಳ ಬಳಿಕ ಬರೆಸಿದರು ಎಂಬುದನ್ನು ಕೇಳುವವರು ಇನ್ನೂ ಕಡಿಮೆ. ಒಂದು ಹದೀಸನ್ನು ಕೇಳಿದರೆ ಅದರ ಸನದ್ ಯಾವುದು ಎಂದು ತಕ್ಷಣ ವಿಚಾರಿಸುವ ಸಮುದಾಯ ನಮ್ಮದು. ಪ್ರವಾಸ ಗ್ರಂಥದ ಮುಂದೆ ಮಾತ್ರ ನಾವು ಆ ಅಭ್ಯಾಸವನ್ನು ಬಿಟ್ಟುಬಿಡುತ್ತೇವೆ.

ಅರಬಿಯಲ್ಲಿ ಪ್ರವಾಸಕ್ಕೂ ಪ್ರವಾಸ ಗ್ರಂಥಕ್ಕೂ ರಿಹ್ಲಾ ಎಂಬ ಒಂದೇ ಪದವಿದೆ. ಕುರೈಶರ ಚಳಿಗಾಲದ ಮತ್ತು ಬೇಸಿಗೆಯ ಪಯಣಗಳನ್ನು ಸ್ಮರಿಸುವ ಕುರೈಶ್ ಅಧ್ಯಾಯದಲ್ಲಿ ಈ ಪದ ವ್ಯಾಪಾರದ ಸಂಚಾರವನ್ನು ಸೂಚಿಸುತ್ತದೆ. ಪ್ರವಾದಿ(ಸ)ಯವರ ಕಾಲಾನಂತರ ಅದಕ್ಕೆ ಮತ್ತೊಂದು ಅರ್ಥ ಕೂಡಿಕೊಂಡಿತು. ಹಝ್ರತ್ ಜಾಬಿರ್ ಬಿನ್ ಅಬ್ದುಲ್ಲಾ(ರ) ಒಂದೇ ಒಂದು ಹದೀಸಿಗಾಗಿ ಒಂದು ತಿಂಗಳ ದಾರಿ ನಡೆದು ಹಝ್ರತ್ ಅಬ್ದುಲ್ಲಾ ಬಿನ್ ಉನೈಸ್(ರ) ಅವರ ಬಳಿಗೆ ಹೋದುದನ್ನು ಇಮಾಮ್ ಬುಖಾರಿ ತಮ್ಮ ಸಂಗ್ರಹದ ಜ್ಞಾನಾಧ್ಯಾಯದಲ್ಲಿ ಪ್ರಸ್ತಾಪಿಸಿದ್ದಾರೆ. ಇನ್ನೊಬ್ಬರ ಮೂಲಕ ತಮಗೆ ತಲುಪಿದ್ದ ಮಾತನ್ನು ಕೇಳಿದವರ ಬಾಯಿಂದಲೇ ಕೇಳಬೇಕೆಂಬುದು ಅವರ ಹಂಬಲವಾಗಿತ್ತು. ಬಗ್ದಾದಿನ ಖತೀಬರು ಇಂತಹ ಪ್ರಯಾಣಗಳ ಬಗ್ಗೆಯೇ ಒಂದು ಕೃತಿಯನ್ನು ರಚಿಸಿದರು. ಪ್ರವಾಸ ಕಥನವು ಪ್ರತ್ಯೇಕ ಸಾಹಿತ್ಯ ಪ್ರಕಾರವಾಗಿ ಬೆಳೆಯುವ ಮುನ್ನವೇ ರಿಹ್ಲಾ ಎಂಬ ಪದಕ್ಕೆ ಸಾಕ್ಷ್ಯದ ಹೊಣೆ ಅಂಟಿಕೊಂಡಿತ್ತು. ಕಂಡದ್ದು ಬೇರೆ, ಕೇಳಿದ್ದು ಬೇರೆ, ಜನ ಆಡಿಕೊಂಡದ್ದು ಬೇರೆ.

ಈ ಹೊಣೆಯನ್ನು ಅತ್ಯಂತ ಕಟ್ಟುನಿಟ್ಟಾಗಿ ಹೊತ್ತವರು ಅಂದಲುಸಿನ ಇಬ್ನು ಜುಬೈರ್. 1145ರಲ್ಲಿ ವೆಲೆನ್ಸಿಯಾದಲ್ಲಿ ಜನಿಸಿದ ಇವರು ಗ್ರಾನಡಾದ ರಾಜ್ಯಪಾಲರ ಕಾರ್ಯದರ್ಶಿಯಾಗಿದ್ದರು. ರಾಜ್ಯಪಾಲರು ಬಲವಂತದಿಂದ ಮದ್ಯ ಕುಡಿಸಿದರೆಂದೂ, ಪಶ್ಚಾತ್ತಾಪದಿಂದ ಅವರು ಹಜ್ಜಿಗೆ ಹೊರಟರೆಂದೂ ನಂತರದ ಚರಿತ್ರಕಾರರು ಹೇಳುತ್ತಾರೆ. 1183ರ ಫೆಬ್ರವರಿಯಲ್ಲಿ ಹೊರಟು, ಸಬ್ತಾ ಬಂದರಿನಲ್ಲಿ ಜಿನೋವಾದವರ ಹಡಗು ಹತ್ತಿ, ಇಸ್ಕಂದರಿಯಾ, ಐದಾಬ್, ಜಿದ್ದಾ ಮಾರ್ಗವಾಗಿ ಮಕ್ಕಾ ತಲುಪಿದರು. ಬಗ್ದಾದ್, ಮೌಸಿಲ್, ದಮಾಸ್ಕಸ್ ನೋಡಿಕೊಂಡು 1185ರ ಏಪ್ರಿಲಿನಲ್ಲಿ ಊರಿಗೆ ಮರಳಿದರು. ಹಿಜರಿ ತಿಂಗಳುಗಳ ಕ್ರಮದಲ್ಲಿ, ಚಂದ್ರದರ್ಶನದಿಂದ ಚಂದ್ರದರ್ಶನಕ್ಕೆ, ಅವರ ದಿನಚರಿ ಸಾಗುತ್ತದೆ.

ಹಜ್ಜಿನ ಪುಣ್ಯವರ್ಣನೆಯಷ್ಟೇ ಇರಬಹುದೆಂದು ಈ ಗ್ರಂಥವನ್ನು ತೆರೆದವರು ಆರಂಭದಲ್ಲಿಯೇ ಬೆಚ್ಚುತ್ತಾರೆ. ಇಸ್ಕಂದರಿಯಾದಲ್ಲಿ ಸುಂಕದವರು ಹಡಗಿಗೆ ಬಂದು ಪ್ರತಿಯೊಬ್ಬರ ಹೆಸರು ಬರೆದುಕೊಂಡರು. ಕೈಯಲ್ಲಿರುವ ಹಣಕ್ಕೆ ವರ್ಷ ತುಂಬಿದೆಯೋ ಇಲ್ಲವೋ ವಿಚಾರಿಸದೆ ಝಕಾತ್ ವಸೂಲು ಮಾಡಿದರು. ಹಾಜಿಗಳ ಸೊಂಟಪಟ್ಟಿಯೊಳಗೆ ಕೈಹಾಕಿ ಶೋಧಿಸಿದರು. ಇನ್ನೇನೂ ಇಲ್ಲವೆಂದು ಆಣೆ ಹಾಕಿಸಿದರು. ಇದು ಸುಲ್ತಾನ್ ಸಲಾಹುದ್ದೀನರ ಆಳ್ವಿಕೆಯ ಕಾಲ. ಇಬ್ನು ಜುಬೈರ್ ಸುಲ್ತಾನರ ದೊಡ್ಡ ಅಭಿಮಾನಿ. ಈ ಅನ್ಯಾಯ ಸುಲ್ತಾನರ ಕಿವಿಗೆ ಬಿದ್ದಿರಲಾರದು ಎಂದು ಸಮಾಧಾನ ಪಟ್ಟುಕೊಳ್ಳುತ್ತಾರೆ. ಆದರೆ ಅಭಿಮಾನದ ಕಾರಣದಿಂದ ಘಟನೆಯನ್ನು ನುಂಗಿಹಾಕುವುದಿಲ್ಲ. ಕೆಂಪು ಸಮುದ್ರದ ಐದಾಬ್ ಬಂದರಿನಲ್ಲಿ ದೋಣಿಗಳಿಗೆ ಮೊಳೆಯೇ ಇರಲಿಲ್ಲ, ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದಿದ್ದರು ಎಂದು ಅವರು ಬರೆಯುತ್ತಾರೆ. ಮರವು ಭಾರತ ಮತ್ತು ಯಮನಿನಿಂದ ಬರುತ್ತಿತ್ತಂತೆ. ಆ ದೋಣಿಗಳಲ್ಲಿ ಹಾಜಿಗಳನ್ನು ಗೂಡಿನೊಳಗಿನ ಕೋಳಿಗಳಂತೆ ಒತ್ತೊತ್ತಾಗಿ ತುಂಬುತ್ತಿದ್ದರು. ದೋಣಿಯ ಬೆಲೆ ಒಂದೇ ಪಯಣದಲ್ಲಿ ಕೈಸೇರಿದರೆ ಸಾಕು, ಅನಂತರ ಅದು ಮುಳುಗಿದರೂ ಮಾಲೀಕರಿಗೆ ಚಿಂತೆಯಿರಲಿಲ್ಲ.

ಇನ್ನೂ ಕಹಿಯಾದ ಸಾಕ್ಷ್ಯವೊಂದು ಮುಂದಿದೆ. 1184ರಲ್ಲಿ ತಿಬ್ನೀನಿನಿಂದ ಅಕ್ಕಾ ನಗರದತ್ತ ಸಾಗುವಾಗ ಶಿಲುಬೆ ಯೋಧರಾದ ಫರಂಗಿಗಳ ಕೈಯಲ್ಲಿದ್ದ ಪ್ರದೇಶವನ್ನು ಅವರು ಹಾದುಹೋದರು. ಅಲ್ಲಿನ ರೈತರು ಮುಸ್ಲಿಮರು. ಬೆಳೆಯ ಅರ್ಧ, ತಲೆಗೆ ಒಂದು ದೀನಾರ್ ಐದು ಕೀರಾತ್, ಹಣ್ಣಿನ ಮರಗಳಿಗೆ ಅಲ್ಪ ತೆರಿಗೆ, ಇಷ್ಟನ್ನು ಕೊಟ್ಟರೆ ಅವರ ಮನೆಮಾರು ಅವರದೇ ಆಗಿರುತ್ತಿತ್ತು. ಗಡಿಯ ಆಚೆ ಮುಸ್ಲಿಂ ಜಮೀನ್ದಾರರ ಕೆಳಗಿದ್ದ ರೈತರ ಸ್ಥಿತಿ ಇದಕ್ಕಿಂತ ಕೆಟ್ಟದಾಗಿತ್ತು. ಮುಸ್ಲಿಮರು ತಮ್ಮವರ ಅನ್ಯಾಯವನ್ನು ದೂರುತ್ತ ಶತ್ರುವಿನ ನ್ಯಾಯವನ್ನು ಹೊಗಳುವಂತಾಯಿತಲ್ಲ ಎಂದು ಇಬ್ನು ಜುಬೈರ್ ಅಲ್ಲಾಹನಲ್ಲಿ ಮೊರೆಯಿಡುತ್ತಾರೆ. ಫರಂಗಿಗಳ ಬಗ್ಗೆ ಅವರಿಗೆ ಎಳ್ಳಷ್ಟೂ ಒಲವಿರಲಿಲ್ಲ. ಆ ನಗರಗಳ ಹೆಸರು ಬರೆಯುವಾಗಲೆಲ್ಲ ಅವು ಮರಳಿ ಮುಸ್ಲಿಮರ ಕೈಸೇರಲಿ ಎಂಬ ಪ್ರಾರ್ಥನೆ ಅವರ ಲೇಖನಿಯಿಂದ ಹೊರಡುತ್ತದೆ. ಆದರೂ ಕಂಡದ್ದನ್ನು ಬರೆದರು. ತನ್ನ ವಿರುದ್ಧ, ತನ್ನ ಹೆತ್ತವರ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿರಬೇಕೆಂಬ ಅನ್ನಿಸಾ ಅಧ್ಯಾಯದ ಆದೇಶವು ಒಬ್ಬ ಪ್ರವಾಸಿಯ ದಿನಚರಿಯಲ್ಲಿ ಹೇಗೆ ಕಾಣುತ್ತದೆ ಎಂದು ವಿದ್ಯಾರ್ಥಿಗಳು ಕೇಳಿದರೆ ನಾವು ಈ ಪುಟವನ್ನು ತೋರಿಸುತ್ತೇವೆ.

ಇಬ್ನು ಬತೂತರ ವಿಷಯ ಹಾಗಲ್ಲ. ತಾಂಜೀರಿನಲ್ಲಿ 1304ರಲ್ಲಿ ಹುಟ್ಟಿದ ಅವರು 1325ರಲ್ಲಿ ಹಜ್ಜಿಗೆಂದು ಹೊರಟವರು ಊರಿಗೆ ಮರಳುವಾಗ ಕಾಲು ಶತಮಾನ ಕಳೆದಿತ್ತು. ದಿಲ್ಲಿಯಲ್ಲಿ ಮುಹಮ್ಮದ್ ಬಿನ್ ತುಘ್ಲಕರ ಖಾಝಿಯಾಗಿ, ಮಾಲ್ದೀವಿನಲ್ಲಿ ಖಾಝಿಯಾಗಿ, ಚೀನಾಕ್ಕೆ ದಿಲ್ಲಿಯ ರಾಯಭಾರಿಯಾಗಿ ಅಲೆದರು. ಊರಿಗೆ ಮರಳಿದ ಬಳಿಕ ಮೊರೊಕ್ಕೊದ ಸುಲ್ತಾನ್ ಅಬೂ ಇನಾನರ ಅಪ್ಪಣೆಯಂತೆ ತಮ್ಮ ಪಯಣದ ವೃತ್ತಾಂತವನ್ನು ಬಾಯಲ್ಲಿ ಹೇಳಿದರು. ಅದನ್ನು ಗ್ರಂಥರೂಪಕ್ಕೆ ತಂದವರು ಗ್ರಾನಡಾದ ವಿದ್ವಾಂಸ ಇಬ್ನು ಜುಝಯ್ಯ್. ಈ ಕೆಲಸ ಮುಗಿದುದು 1355ರ ಡಿಸೆಂಬರಿನಲ್ಲಿ. ಅವರು ಹೊನ್ನಾವರವನ್ನು ಮೊದಲು ಕಂಡದ್ದು 1342ರ ಸುಮಾರಿಗೆ. ಅಂದರೆ ನಮ್ಮ ಭಾಷಣಕಾರರು ಉದ್ಧರಿಸುವ 13 ಮತ್ತು 23 ಎಂಬ ಸಂಖ್ಯೆಗಳು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಒಬ್ಬರ ನೆನಪಿನಲ್ಲಿದ್ದು, ಅನಂತರ ಮತ್ತೊಬ್ಬರ ಲೇಖನಿಯ ಮೂಲಕ ಕಾಗದಕ್ಕೆ ಬಂದವು.

ಬರೆದಿಟ್ಟುಕೊಂಡ ಟಿಪ್ಪಣಿಗಳು ಇರಲಿಲ್ಲವೇ ಎಂದು ಕೇಳಬಹುದು. ಕೆಲವಂತೂ ಇದ್ದವು, ಅವು ನಾಶವಾದುದು ನಮ್ಮ ಕರಾವಳಿಯ ನೀರಿನಲ್ಲಿ. ದಕ್ಷಿಣದಿಂದ ಹೊನ್ನಾವರಕ್ಕೆ ಹಡಗಿನಲ್ಲಿ ಮರಳುತ್ತಿದ್ದಾಗ, ಬಾರ್ಕೂರಿಗೂ ಹೊನ್ನಾವರಕ್ಕೂ ನಡುವಿನ ಒಂದು ಚಿಕ್ಕ ದ್ವೀಪದ ಬಳಿ ಹನ್ನೆರಡು ಯುದ್ಧನೌಕೆಗಳ ಕಡಲ್ಗಳ್ಳರು ಅವರನ್ನು ಮುತ್ತಿದರು. ಸಿಂಹಳದ ಅರಸ ಕೊಟ್ಟಿದ್ದ ರತ್ನಗಳು, ಬಟ್ಟೆಬರೆ, ಬುತ್ತಿ, ಎಲ್ಲವೂ ಹೋದವು. ಉಟ್ಟಿದ್ದ ಇಜಾರವೊಂದೇ ಉಳಿಯಿತು. ಗ್ರಂಥದ ಬೇರೊಂದು ಕಡೆ, ಬುಖಾರಾದ ವಿದ್ವಾಂಸರ ಗೋರಿಗಳ ಮೇಲಿದ್ದ ಬರಹಗಳನ್ನು ನಕಲು ಮಾಡಿಕೊಂಡಿದ್ದೆ, ಭಾರತದ ಕಡಲಿನಲ್ಲಿ ನಡೆದ ದರೋಡೆಯಲ್ಲಿ ಅವೂ ಹೋದವು ಎಂದು ಅವರೇ ತಿಳಿಸುತ್ತಾರೆ. ಸಮರಕಂದದ ಆಚೆಗಿನ ನಾಡಿನ ಟಿಪ್ಪಣಿಗಳು ಭಟ್ಕಳ, ಬೈಂದೂರುಗಳ ಆಸುಪಾಸಿನ ಸಮುದ್ರದಲ್ಲಿ ಕಣ್ಮರೆಯಾದವು ಎಂಬುದನ್ನು ಯೋಚಿಸಿದಾಗಲೆಲ್ಲ ನಮಗೆ ವಿಚಿತ್ರವಾದ ಸಂಕಟವಾಗುತ್ತದೆ.

ಹದೀಸ್ ಶಾಸ್ತ್ರದಲ್ಲಿ ರಾವಿಯ ಪ್ರಾಮಾಣಿಕತೆಯ ಜೊತೆಗೆ ಅವನ ಝಬ್ತ್ ಅನ್ನು, ಅಂದರೆ ಕೇಳಿದ್ದನ್ನು ಕೆಡದಂತೆ ಕಾಪಾಡುವ ಶಕ್ತಿಯನ್ನು ಪರೀಕ್ಷಿಸುತ್ತಾರೆ. ಎದೆಯಲ್ಲಿ ಕಾಪಾಡುವುದು ಒಂದು ಬಗೆ, ಪುಸ್ತಕದಲ್ಲಿ ಕಾಪಾಡುವುದು ಮತ್ತೊಂದು. ಇಬ್ನು ಜುಬೈರರ ಝಬ್ತ್ ಪುಸ್ತಕದ್ದು. ಇಬ್ನು ಬತೂತರಿಗೆ ಆ ದ್ವೀಪದ ಬಳಿಯ ದಿನದ ನಂತರ ಮುಖ್ಯವಾಗಿ ಎದೆಯ ಝಬ್ತ್ ಮಾತ್ರ ಉಳಿಯಿತು. ಚರಿತ್ರೆಗೆ ಹದೀಸಿನ ಎಲ್ಲ ಷರತ್ತುಗಳನ್ನು ವಿಧಿಸಲಾಗದು, ವಿಧಿಸಿದರೆ ಚರಿತ್ರೆಯೇ ಉಳಿಯದು. ಆದರೆ ಪ್ರಶ್ನೆ ಕೇಳುವ ಕ್ರಮವನ್ನು ಅಲ್ಲಿಂದ ಎರವಲು ತರಬಹುದು. ಹಾಗೆ ಕೇಳಿದರೆ ಈ ಗ್ರಂಥದ ಎಲ್ಲ ಪುಟಗಳಿಗೂ ಒಂದೇ ತೂಕವಿಲ್ಲವೆಂದು ತಿಳಿಯುತ್ತದೆ. ದಮಾಸ್ಕಸ್, ಮಕ್ಕಾ, ಮದೀನಾಗಳ ವರ್ಣನೆಯಲ್ಲಿ ದೊಡ್ಡ ಭಾಗಗಳು ಇಬ್ನು ಜುಬೈರರ ದಿನಚರಿಯಿಂದಲೇ ಬಂದಿವೆ. ಇಬ್ನು ಜುಝಯ್ಯ್ ಕೆಲವೆಡೆ ಅವರ ಹೆಸರು ಹೇಳಿದ್ದಾರೆ, ಹಲವೆಡೆ ಹೇಳಿಲ್ಲ. ವೋಲ್ಗಾ ತೀರದ ಬುಲ್ಗಾರಿಗೆ ಹೋಗಿಬಂದೆನೆಂಬ ಮಾತನ್ನು ಪ್ರಯಾಣದ ದಿನಗಳ ಲೆಕ್ಕ ಹಾಕಿದ ವಿದ್ವಾಂಸರು ಒಪ್ಪುವುದಿಲ್ಲ.

ಸಂದೇಹ ಅವರ ಕಾಲದಲ್ಲಿಯೇ ಹುಟ್ಟಿತ್ತು. ದಿಲ್ಲಿಯ ಸುಲ್ತಾನರು ಪ್ರಯಾಣದಿಂದ ಮರಳುವಾಗ ಆನೆಗಳ ಮೇಲೆ ಕವಣೆಯಂತ್ರಗಳನ್ನಿಟ್ಟು ಜನರ ಮೇಲೆ ಚಿನ್ನ ಬೆಳ್ಳಿಯ ನಾಣ್ಯಗಳನ್ನು ಎರಚಿಸುತ್ತಿದ್ದರೆಂಬ ಇಬ್ನು ಬತೂತರ ಮಾತನ್ನು ಕೇಳಿ ಫಾಸ್ ನಗರದ ಆಸ್ಥಾನದಲ್ಲಿ ಜನ ಪಿಸುಗುಟ್ಟಿದರು. ತಾವೂ ಸಂಶಯಗೊಂಡು ಒಬ್ಬ ವಝೀರರ ಬಳಿ ಹೋದುದನ್ನು ಇಬ್ನು ಖಲ್ದೂನ್ ತಮ್ಮ ಮುಕದ್ದಿಮಾದಲ್ಲಿ ವಿವರಿಸಿದ್ದಾರೆ. ವಝೀರರು ಅವರಿಗೆ ಸೆರೆಮನೆಯಲ್ಲಿ ಬೆಳೆದ ಹುಡುಗನೊಬ್ಬನ ಕಥೆ ಹೇಳಿದರು. ಆ ಹುಡುಗ ಕಂಡಿದ್ದ ಪ್ರಾಣಿ ಇಲಿಯೊಂದೇ. ತಂದೆ ಕುರಿಯನ್ನು ಎಷ್ಟು ವರ್ಣಿಸಿದರೂ, ಅದು ಇಲಿಯ ಹಾಗೆಯೇ ಇರಬೇಕಲ್ಲವೇ ಎಂದು ಅವನು ಕೇಳುತ್ತಿದ್ದ. ತಾನು ಕಂಡಿಲ್ಲ ಎಂಬ ಒಂದೇ ಕಾರಣಕ್ಕೆ ಸುದ್ದಿಯನ್ನು ತಳ್ಳಿಹಾಕಬಾರದು, ವಿಚಿತ್ರವಾಗಿದೆ ಎಂಬ ಒಂದೇ ಕಾರಣಕ್ಕೆ ನಂಬಲೂಬಾರದು. ಅಂತಹದು ಸಂಭವಿಸಲು ಸಾಧ್ಯವೇ ಎಂದು ವಿಷಯದ ಸ್ವಭಾವವನ್ನು ಇಟ್ಟುಕೊಂಡು ತೂಗಬೇಕು ಎಂದು ಇಬ್ನು ಖಲ್ದೂನ್ ನಿರ್ಣಯಿಸಿದರು.

ಈ ತಕ್ಕಡಿಯಲ್ಲಿ ಹೊನ್ನಾವರದ ಪುಟವನ್ನು ಇಟ್ಟು ನೋಡೋಣ. ಇದು ದಾರಿಹೋಕನೊಬ್ಬ ಹಡಗಿನಿಂದ ಕಂಡ ಊರಲ್ಲ. ಇಬ್ನು ಬತೂತ ಇಲ್ಲಿಗೆ ಒಂದಕ್ಕಿಂತ ಹೆಚ್ಚು ಸಲ ಬಂದವರು. ಇಲ್ಲಿನ ಸುಲ್ತಾನ್ ಜಮಾಲುದ್ದೀನರ ಬಳಿ ಒಮ್ಮೆ ಹನ್ನೊಂದು ತಿಂಗಳು ಇದ್ದು, ಅಷ್ಟೂ ಕಾಲ ರೊಟ್ಟಿಯ ಮುಖ ನೋಡದೆ ಅನ್ನದಲ್ಲಿಯೇ ಕಳೆದುದನ್ನು ದಾಖಲಿಸಿದ್ದಾರೆ. ಗೋಧಿಯ ನಾಡಿನಿಂದ ಬಂದವರ ಈ ಗೋಳು ಕೇಳಿ ಕುಚ್ಚಲಕ್ಕಿಯವರಾದ ನಮಗೆ ನಗು ಬರುತ್ತದೆ. ಸುಲ್ತಾನರ ಮನೆಯ ಊಟದ ಕ್ರಮವನ್ನು ಅವರು ಎಷ್ಟು ವಿವರವಾಗಿ ಹೇಳುತ್ತಾರೆಂದರೆ, ಓದುತ್ತ ಓದುತ್ತ ಬಡಿಸಿದ ಕ್ರಮದಲ್ಲಿಯೇ ಉಣ್ಣಬಹುದು. ತಾಮ್ರದ ಮೇಜಿನ ಮೇಲೆ ತಟ್ಟೆ. ಸೌಟಿನಿಂದ ಅನ್ನ, ಅದರ ಮೇಲೆ ತುಪ್ಪ. ಪಕ್ಕದಲ್ಲಿ ಉಪ್ಪಿನಲ್ಲಿಟ್ಟ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವು. ಪ್ರತಿ ಸಲ ಅನ್ನ ಬಡಿಸಿದಾಗಲೂ ಒಂದು ಬಗೆಯ ಪದಾರ್ಥ, ಮೊದಲು ಕೋಳಿ, ಬಳಿಕ ಮೀನು, ಬಳಿಕ ತರಕಾರಿ. ಕೊನೆಯಲ್ಲಿ ಮೊಸರು. ಅದು ಬಂದಿತೆಂದರೆ ಊಟ ಮುಗಿಯಿತೆಂದು ಅರ್ಥ. ಆಮೇಲೆ ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಆಗದೆಂದು. ಆರುನೂರ ಎಂಬತ್ತು ವರ್ಷಗಳ ಹಿಂದಿನ ಈ ಊಟವನ್ನು ಕರಾವಳಿಯವರು ಇಂದೂ ಗುರುತಿಸಬಲ್ಲರು. ಬೇರೆಯವರ ಪುಸ್ತಕದಿಂದ ಇಂತಹ ಪುಟ ಬರುವುದಿಲ್ಲ, ಉಂಡವರಿಂದ ಮಾತ್ರ ಬರುತ್ತದೆ.

ಶಾಲೆಗಳ ಮಾತು ಬರುವುದು ಈ ಪುಟಗಳ ನೆರೆಯಲ್ಲಿಯೇ. ಅಲ್ಲಿ ಅವರು ಬಳಸುವ ಕ್ರಿಯಾಪದ ಕಂಡೆ ಎಂಬುದು, ಕೇಳಿದೆ ಎಂಬುದಲ್ಲ. ಇಂತಹುದನ್ನು ಬೇರೆಲ್ಲಿಯೂ ಕಾಣಲಿಲ್ಲ ಎಂದೂ ಸೇರಿಸುತ್ತಾರೆ. ಮಕ್ಕಾದಿಂದ ಚೀನಾದವರೆಗೆ ಊರೂರಿನ ಮದ್ರಸಗಳನ್ನು ನೋಡಿದ, ಸ್ವತಃ ಖಾಝಿಯಾಗಿದ್ದ ವ್ಯಕ್ತಿಯ ಈ ಹೋಲಿಕೆಗೆ ಬೆಲೆಯಿದೆ. ಆದ್ದರಿಂದ ಶಾಲೆಗಳ ಮಾತನ್ನು ನಾವು ಸ್ವೀಕರಿಸುತ್ತೇವೆ. ಹೆಂಗಸರೆಲ್ಲರಿಗೂ ಕುರ್‌ಆನ್ ಕಂಠಪಾಠವಾಗಿತ್ತು ಎಂಬುದರಲ್ಲಿನ ಎಲ್ಲರೂ ಎಂಬ ಪದವನ್ನು ಮಾತ್ರ ಮೆಚ್ಚುಗೆಯ ಮಾತೆಂದು ಓದುತ್ತೇವೆ. ಒಂದು ಊರಿನ ಮನೆಮನೆಯ ಹೆಂಗಸರ ಕಂಠಪಾಠವನ್ನು ಪರಪುರುಷನೊಬ್ಬ ಪರೀಕ್ಷಿಸಿರಲು ಸಾಧ್ಯವಿಲ್ಲ.

ಭಾಷಣಗಳಲ್ಲಿ ಬಾರದ ಸಂಗತಿಗಳೂ ಇಲ್ಲಿವೆ. ಸುಲ್ತಾನ್ ಜಮಾಲುದ್ದೀನರು ಸ್ವತಂತ್ರರಲ್ಲ, ಹರ್ಯಬ್ ಎಂಬ ಹಿಂದೂ ಅರಸನಿಗೆ ಅಧೀನರು. ಈತ ವಿಜಯನಗರದ ಒಂದನೆಯ ಹರಿಹರನೆಂದು ಅನೇಕ ಇತಿಹಾಸಕಾರರು ಗುರುತಿಸುತ್ತಾರೆ. ಮಲಬಾರಿನವರು ಈ ಸುಲ್ತಾನರ ನೌಕಾಬಲಕ್ಕೆ ಹೆದರಿ ವರ್ಷವರ್ಷವೂ ಹಣ ಕೊಡುತ್ತಿದ್ದರು. ಆ ಸೊಗಸಾದ ಊಟವನ್ನು ಬಡಿಸುತ್ತಿದ್ದವಳು ರೇಷ್ಮೆ ಉಟ್ಟ ಒಬ್ಬ ದಾಸಿ. ಇಬ್ನು ಬತೂತರೂ ಹೋದೆಡೆಯಲ್ಲೆಲ್ಲ ದಾಸಿಯರನ್ನು ಕೊಂಡುಕೊಂಡವರು; ಅದನ್ನು ಅವರು ಮುಚ್ಚಿಡುವುದೂ ಇಲ್ಲ. ಸುಲ್ತಾನರು 52 ಹಡಗುಗಳೊಂದಿಗೆ ಗೋವೆಯ ಮೇಲೆ ದಂಡೆತ್ತಿ ಹೋದಾಗ ತಾವೂ ಅದರಲ್ಲಿದ್ದುದನ್ನೂ, ಮುಂದೆ ಶತ್ರುಗಳು ಆ ಊರನ್ನು ಮುತ್ತಿದಾಗ ಅಲ್ಲಿಂದ ಹೊರಟುಬಿಟ್ಟುದನ್ನೂ ಹೇಳಿದ್ದಾರೆ. ಶಾಲೆಗಳನ್ನು ಕಂಡ ಕಣ್ಣೇ ಇದನ್ನೂ ಕಂಡಿದೆ. ಒಂದನ್ನು ಸ್ವೀಕರಿಸಿ ಇನ್ನೊಂದನ್ನು ಮರೆಮಾಚಿದರೆ ಅದು ಆ ಸಾಕ್ಷಿಗೆ ನಾವು ಮಾಡುವ ದ್ರೋಹ.

ಹೊನ್ನಾವರದಿಂದ ದಕ್ಷಿಣಕ್ಕೆ ಸಾಗಿದರೆ ಬಸರೂರು. ಅಲ್ಲಿನ ಮುಸ್ಲಿಂ ಮುಖಂಡ ತನ್ನ ಸಂಪತ್ತನ್ನೆಲ್ಲ ಬಡವರಿಗೆ ಹಂಚಿ ಬರಿಗೈಯಾದವನು. ಬಾರ್ಕೂರಿನಲ್ಲಿ ಒಳ್ಳೆಯ ಕಬ್ಬು, ವಾಸುದೇವನೆಂಬ ಅರಸ, ಅವನ ಸುಮಾರು 30 ಯುದ್ಧನೌಕೆಗಳು. ಅವುಗಳ ದಳಪತಿ ಲೂಲಾ ಎಂಬ ಮುಸ್ಲಿಮ. ಮಂಗಳೂರಿನಲ್ಲಿ ಪರ್ಶಿಯಾ ಮತ್ತು ಯಮನಿನ ವರ್ತಕರು, ಮೆಣಸು, ಶುಂಠಿ. ಊರಿನ ಪಕ್ಕದ ಕೇರಿಯಲ್ಲಿ ಸುಮಾರು 4000 ಮುಸ್ಲಿಮರಿದ್ದರು. ಊರವರಿಗೂ ಅವರಿಗೂ ಆಗಾಗ ಜಗಳವಾಗುತ್ತಿತ್ತು. ವರ್ತಕರಿಲ್ಲದೆ ಅರಸನಿಗೆ ನಡೆಯದು, ಆದ್ದರಿಂದ ಅರಸನೇ ನಡುವೆ ಬಂದು ರಾಜಿ ಮಾಡಿಸುತ್ತಿದ್ದನು. ಮಂಗಳೂರಿನವರಿಗೆ ಈ ವಾಕ್ಯವನ್ನು ಓದಿಸಿ ಅವರ ಮುಖ ನೋಡಬೇಕು. ಕರಾವಳಿಯ ದಾರಿಯುದ್ದಕ್ಕೂ ಅರ್ಧ ಮೈಲಿಗೊಂದು ಮರದ ತಂಗುಮನೆ, ಅದರ ಬಳಿ ಬಾವಿ ಮತ್ತು ನೀರು ಕೊಡುವ ಒಬ್ಬ ಆಳು ಇದ್ದುದನ್ನು ಅವರು ವರ್ಣಿಸುತ್ತಾರೆ. ಹಿಂದೂಗಳಿಗೆ ಪಾತ್ರೆಯಲ್ಲಿ ನೀರು, ಮುಸ್ಲಿಮರಿಗೆ ಬೊಗಸೆಗೆ ಹೊಯ್ಯುವ ನೀರು. ಮೈಲಿಗೆಯೂ ಧರ್ಮವೂ ಒಂದೇ ಬಾವಿಕಟ್ಟೆಯ ಮೇಲೆ ನಿಂತಿದ್ದವು. ಇಬ್ನು ಬತೂತ ಎರಡನ್ನೂ ಹೇಳಿ ಮುಂದೆ ನಡೆಯುತ್ತಾರೆ.

ನೂರು ವರ್ಷಗಳ ಬಳಿಕ ಇದೇ ಮಂಗಳೂರಿಗೆ ಹೆರಾತಿನ ರಾಯಭಾರಿ ಅಬ್ದುರ್ರಝಾಕ್ ಸಮರಕಂದಿ ಬಂದಿಳಿದರು. ಹುರ್ಮುಝಿನಲ್ಲಿ ಹಡಗಿನ ವಾಸನೆ ಬಡಿದೊಡನೆ ಭಯದಿಂದ ಮೂರು ದಿನ ಪ್ರಜ್ಞೆ ತಪ್ಪಿ ಬಿದ್ದಿದ್ದೆನೆಂದು ಹೇಳಿಕೊಳ್ಳುವ ಈ ಪ್ರವಾಸಿ ನಮಗೆ ಬಹಳ ಪ್ರಿಯ. 1443ರಲ್ಲಿ ವಿಜಯನಗರವನ್ನು ಕಂಡು ಅದರ ಏಳು ಸುತ್ತಿನ ಕೋಟೆಯನ್ನು ಅವರು ವರ್ಣಿಸಿದ್ದು ಪ್ರಸಿದ್ಧವಾಗಿದೆ. ಮಂಗಳೂರಿನ ಸಮೀಪ ಕಂಡ ಎರಕದ ಲೋಹದ ಒಂದು ದೇವಾಲಯವನ್ನು ಅವರು ಜಗತ್ತಿನಲ್ಲಿ ಸಾಟಿಯಿಲ್ಲದ್ದೆಂದು ಹೊಗಳಿದ್ದು ಅಷ್ಟು ಪ್ರಸಿದ್ಧವಲ್ಲ. ವಿಗ್ರಹಾರಾಧನೆಯನ್ನು ಒಪ್ಪದ ಆ ವಿದ್ವಾಂಸರು ಶಿಲ್ಪಿಯ ಕೈಚಳಕವನ್ನು ಒಪ್ಪಲು ಹಿಂಜರಿಯಲಿಲ್ಲ.

ಇಂದು ನಮ್ಮವರು ಬರೆಯುವ ಪ್ರವಾಸ ಕಥನಗಳೆಂದರೆ ಬಹುಪಾಲು ಹಜ್ಜ್ ಮತ್ತು ಉಮ್ರಾ ಯಾತ್ರೆಯವು. ಅವುಗಳನ್ನು ಆಸೆಯಿಂದ ತೆರೆದು ನಿರಾಶೆಯಿಂದ ಮುಚ್ಚಿದ್ದೇ ಹೆಚ್ಚು. ತವಾಫಿನ ವಿಧಿ, ಸಈಯ ವಿಧಿ, ಝಮ್‌ಝಮಿನ ಮಹತ್ವ ಇವೆಲ್ಲ ಪುಟ ತುಂಬುತ್ತವೆ. ಅವನ್ನು ತಿಳಿಯಲು ಫಿಕ್‌ಹ್ ಗ್ರಂಥಗಳಿವೆ. ಪ್ರವಾಸಿ ಹೇಳಬೇಕಾದ್ದು ಗ್ರಂಥದಲ್ಲಿ ಇಲ್ಲದ್ದನ್ನು. ಅರಫಾದಲ್ಲಿ ಪಕ್ಕದಲ್ಲಿ ಕುಳಿತ ಸೂಡಾನಿನ ಮುದುಕ ಏನು ತಿನ್ನುತ್ತಿದ್ದ, ದಾರಿ ತಪ್ಪಿದ ಹೆಂಗಸನ್ನು ಯಾರು ಡೇರೆಗೆ ತಲುಪಿಸಿದರು, ಏಜೆಂಟರು ಹೇಳಿದ ಕೋಣೆಗೂ ಕೊಟ್ಟ ಕೋಣೆಗೂ ಎಷ್ಟು ವ್ಯತ್ಯಾಸವಿತ್ತು? ಕೊನೆಯದನ್ನು ಬರೆದರೆ ಹಜ್ಜಿನ ಪುಣ್ಯ ಕಡಿಮೆಯಾಗುತ್ತದೆಂದು ಹಲವರು ಅಂಜುತ್ತಾರೆ. ಇಸ್ಕಂದರಿಯಾದ ಸುಂಕದಕಟ್ಟೆಯನ್ನು ಬರೆದ ಇಬ್ನು ಜುಬೈರರಿಗೆ ಆ ಅಂಜಿಕೆಯಿರಲಿಲ್ಲ. ಕನ್ನಡದಲ್ಲಿಯೂ ನಮಗೆ ಮಾದರಿಗಳಿಗೆ ಬರವಿಲ್ಲ. ವಿ. ಸೀತಾರಾಮಯ್ಯನವರ ಪಂಪಾಯಾತ್ರೆ ಇದೆ, ಕಾರಂತರ ಅಬೂವಿನಿಂದ ಬರಾಮಕ್ಕೆ ಇದೆ. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅಮೆರಿಕದಲ್ಲಿ ಗೊರೂರು ಕೃತಿಯ ಹೆಸರೇ ಹೇಳುವಂತೆ, ಎಷ್ಟು ದೂರ ಹೋದರೂ ನೋಡುವ ಕಣ್ಣು ಹುಟ್ಟೂರಿನದೇ. ಹೊನ್ನಾವರದಲ್ಲಿ ರೊಟ್ಟಿ ನೆನೆದ ಇಬ್ನು ಬತೂತರದೂ ಅದೇ ಕಣ್ಣು.

ಮುಂಬೈಯಿಂದ ಜಿದ್ದಾಕ್ಕೆ ಹಾಜಿಗಳ ಹಡಗು ನಿಂತುಹೋದುದು 1995ರಲ್ಲಿ. ಹಡಗಿನಲ್ಲಿ ಹಜ್ಜ್ ಮಾಡಿ ಬಂದವರು ನಮ್ಮ ಜಮಾಅತುಗಳಲ್ಲಿ ಇನ್ನು ಕೆಲವರೇ ಉಳಿದಿದ್ದಾರೆ. ಅವರೆಲ್ಲ ಎಪ್ಪತ್ತು ಎಂಬತ್ತು ದಾಟಿದವರು. ವರ್ಷಕ್ಕೆ ಇಬ್ಬರು ಮೂವರ ಜನಾಝ ನಮಾಝಿನಲ್ಲಿ ನಾವೇ ನಿಲ್ಲುತ್ತೇವೆ, ಅವರ ಜೊತೆ ಅವರ ರಿಹ್ಲಾವೂ ಮಣ್ಣಾಗುತ್ತದೆ. ಅದಕ್ಕಾಗಿ ಈ ರಜೆಯಲ್ಲಿ ನಮ್ಮ ಮೇಲಿನ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೇವೆ. ಮನೆಯಲ್ಲಿಯೋ ನೆರೆಯಲ್ಲಿಯೋ ಇರುವ ಅಂತಹ ಹಿರಿಯರ ಬಳಿ ಕುಳಿತು ಅವರ ಮಾತನ್ನು ಅವರ ಬ್ಯಾರಿಯಲ್ಲಿಯೋ ನವಾಯತಿಯಲ್ಲಿಯೋ ಕೇಳಿ ಕನ್ನಡದಲ್ಲಿ ಬರೆಯಬೇಕು. ಅವರು ಕಂಡದ್ದಾದರೆ ಅಂಚಿನಲ್ಲಿ ಕಂಡದ್ದು ಎಂದೂ, ಇತರರಿಂದ ತಿಳಿದದ್ದಾದರೆ ಕೇಳಿದ್ದು ಎಂದೂ ಗುರುತು ಹಾಕಬೇಕು. ಒಬ್ಬ ವಿದ್ಯಾರ್ಥಿನಿ ಆಗಲೇ ಎಂಟು ಪುಟ ತಂದಿದ್ದಾಳೆ. ಅವಳ ಅಜ್ಜಿಯ ಕಥನದಲ್ಲಿ ಮೊದಲ ಮೂರು ಪುಟ ಹಡಗಿನ ಕೆಳ ಅಂತಸ್ತಿನ ಸೆಖೆ, ವಾಂತಿ, ಊರಿನಿಂದ ಒಯ್ದ ಒಣರೊಟ್ಟಿ ಮತ್ತು ಮಾವಿನ ಉಪ್ಪಿನಕಾಯಿ. ಎಲ್ಲದರ ಎದುರೂ ಕಂಡದ್ದು ಎಂಬ ಗುರುತಿದೆ. ನಾಲ್ಕನೆಯ ಪುಟದಲ್ಲಿ ದಾರಿಯಲ್ಲಿ ತೀರಿಹೋದ ಒಬ್ಬ ಹಾಜಿಯ ಮಯ್ಯಿತ್ತನ್ನು ನಮಾಝ್ ಮುಗಿಸಿ ಕಡಲಿಗೆ ಇಳಿಸಿದ ವಿವರ ಬರುತ್ತದೆ. ಅದರ ಅಂಚಿನಲ್ಲಿ ಹುಡುಗಿ ಬರೆದಿದ್ದಾಳೆ: ಕೇಳಿದ್ದು, ಹೆಂಗಸರನ್ನು ಮೇಲೆ ಬಿಟ್ಟಿರಲಿಲ್ಲ, ಅಜ್ಜಿಗೆ ನೀರಿನ ಸದ್ದು ಮಾತ್ರ ಕೇಳಿಸಿತು.